ಒಂದು ಗೆರೆ ಬರ್ತಿಲ್ಲ

ಈಜುಕೊಳದ ನೀರು ಗುಲಾಬಿ ಬಣ್ಣದಲ್ಲಿ ಇಳಿದು ಬರುತ್ತಿತ್ತು. ಹತ್ತಡಿ ಅಗಲದ ಬ್ಯಾನರಿನಲ್ಲಿ ಒಬ್ಬ ಹುಡುಗಿ ಕೈ ಚಾಚಿ ಧುಮುಕುತ್ತಿದ್ದಳು. ಕೆಳಗೆ ಅವಳಿಗಾಗಿ ಕಾದಿದ್ದದ್ದು ಸ್ಟ್ರಾಬೆರಿ ಐಸ್‌ಕ್ರೀಮು. ಅಂಗಡಿಯವನು ಪ್ರಿಂಟಿಂಗ್ ಮೆಷಿನ್ ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತು ಕೂತ. ನೀಲಿ ಶಾಯಿ ಚಿಮ್ಮುವ ಪ್ರಿಂಟ್ ಹೆಡ್ ಸತ್ತುಹೋಗಿತ್ತು. ಬೆಳಗಿನಿಂದ ಅದನ್ನು ಮೂರು ಸಲ ತೊಳೆದಿದ್ದ, ಎರಡು ಸಲ ಬೈದಿದ್ದ, ಯಾರೂ ನೋಡದಾಗ ಒಂದು ಸಲ ಕೈಯನ್ನೂ ಮುಗಿದಿದ್ದ. ಹೊಸದು ಬರಲು ನಾಲ್ಕು ದಿನ ಬೇಕು. ಈ ಬ್ಯಾನರ್ ಕಟ್ಟಬೇಕಾದ ಈಜು ಸ್ಪರ್ಧೆ ನಾಳೆಯೇ ಇತ್ತು.

ಊಟದ ಹೊತ್ತಿಗೆ ಬಂದ ಹೆಂಡತಿ ಒಂದು ಪುಟ್ಟ ಡಬ್ಬಿ ಮೇಜಿನ ಮೇಲಿಟ್ಟಳು.

"ನಿಮ್ಮಣ್ಣ ಕೊಟ್ಟು ಕಳಿಸಿದ್ರು. ಅವರ ಹತ್ರ ಒಂದು ಹೆಡ್ ಹೆಚ್ಚಿಗೆ ಇತ್ತಂತೆ."

"ಅವನಿಗೆ ಯಾರು ಹೇಳಿದ್ದು?"

"ನಿಮ್ಮ ಅತ್ತಿಗೆಗೆ ನಾನೇ ಹೇಳ್ದೆ. ನೀವಿಬ್ಬರೂ ಮಾತು ಬಿಟ್ಟಿದೀರಿ ಅಂತ ನಾವೂ ಬಾಯಿಗೆ ಬೀಗ ಹಾಕ್ಕೋಬೇಕಾ?"

ಅಣ್ಣನ ಬ್ಯಾನರ್ ಅಂಗಡಿ ಎರಡು ಬೀದಿ ಆಚೆ. ಎರಡು ವರ್ಷದ ಹಿಂದೆ ಇಬ್ಬರದೂ ಒಂದೇ ಅಂಗಡಿಯಾಗಿತ್ತು. ಹೊಸ ಮೆಷಿನ್ ಯಾವ ಕಂಪನಿಯದು ತರಬೇಕು ಅನ್ನುವ ಮಾತು ಬಂದಾಗ ಅಣ್ಣ ಒಂದು ಹೆಸರು ಹೇಳಿದ, ಇವನು ಇನ್ನೊಂದು ಹೇಳಿದ. ಮಾತಿಗೆ ಮಾತು ಬೆಳೆದು ಅಂಗಡಿ ಎರಡಾಯಿತು, ಮೆಷಿನ್ ಎರಡು ಬಂದವು. ಅಂದಿನಿಂದ ಇವನು ಅಂಗಡಿಗೆ ಬಂದವರಿಗೆಲ್ಲ ಆ ಎರಡು ಮೆಷಿನ್‌ಗಳ ನಡುವಿನ ಅಜಗಜಾಂತರವನ್ನು ವಿವರಿಸುತ್ತಲೇ ಬಂದಿದ್ದ. ಬೋರ್ಡ್ ಮಾಡಿಸಲು ಬಂದ ಒಬ್ಬ ಹಲ್ಲಿನ ಡಾಕ್ಟರು ಪಾಪ, ಮುಕ್ಕಾಲು ಗಂಟೆ ಬಾಯಿ ತೆರೆಯದೆ ಕೇಳಿ ಹೋಗಿದ್ದರು.

"ಅವನ ಮೆಷಿನ್ ಹೆಡ್ಡು ನಮ್ಮದಕ್ಕೆ ಹೊಂದಲ್ಲ ಕಣೇ. ನೋಡೋಕೆ ಒಂದೇ ಥರ ಇರತ್ತೆ, ಒಳಗೆಲ್ಲ ಬೇರೆ."

"ಹಾಕಿ ನೋಡಿ."

"ನನಗೆ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ತಾನೆ ನೀರು ಕೆಂಪಗಾಗಿರೋದು?"

ಮೆಷಿನ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಸತ್ತ ಹೆಡ್ಡನ್ನು ಅಣ್ಣನದರ ಪಕ್ಕದಲ್ಲಿಟ್ಟ. ಅದೇ ಅಗಲ. ಕೇಬಲ್ ಸಿಕ್ಕಿಸುವ ಜಾಗವೂ ಅದೇ, ಸ್ಕ್ರೂ ತೂತುಗಳೂ ಅವೇ. ತಿರುಗಿಸಿ ನೋಡಿದರೆ ಎರಡರ ಮೇಲೂ ಒಂದೇ ಕಾರ್ಖಾನೆಯ ಗುರುತು! ಅಣ್ಣನ ಕಂಪನಿಯವರೂ ಇವನ ಕಂಪನಿಯವರೂ ಹೆಡ್ ತರುತ್ತಿದ್ದದ್ದು ಒಂದೇ ಬಾಗಿಲಿನಿಂದ. ಎರಡು ವರ್ಷ ತಾನು ಬಿಗಿದ ಭಾಷಣಗಳೆಲ್ಲ ಅವನಿಗೆ ಸಾಲಾಗಿ ನೆನಪಾದವು, ಆ ಹಲ್ಲಿನ ಡಾಕ್ಟರ ಸಮೇತ. ಹೆಂಡತಿಗೆ ಕಾಣದಂತೆ ಗುರುತನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡೇ ಅಣ್ಣನ ಹೆಡ್ಡನ್ನು ಕೂರಿಸಿದ.

ಒಂದು ತುಂಡು ಫ್ಲೆಕ್ಸ್ ಮೇಲೆ ಪರೀಕ್ಷೆಯ ಗೆರೆಗಳನ್ನು ಹೊಡೆದು ನೋಡಿದ. ನೀಲಿ ಬಂತು, ಆದರೆ ಒಂದು ಕಡೆ ದಟ್ಟ, ಒಂದು ಕಡೆ ಮಾಸಲು. ಅವನಿಗೆ ಹೋದ ಜೀವ ಬಂದಂತಾಯಿತು.

"ನೋಡಿದ್ಯಾ? ಹೊಂದಲ್ಲ ಅಂತ ಹೇಳಿರ್ಲಿಲ್ವಾ ನಾನು!"

ಕೆಲಸ ಕೆಟ್ಟರೂ ಮಾತು ಉಳಿಯಿತಲ್ಲ ಎಂದು ಹಿಗ್ಗುವವನು ಲೋಕದಲ್ಲಿ ಇವನೊಬ್ಬನೇ ಇರಬೇಕು. ಹೆಂಡತಿ ಡಬ್ಬಿಯ ತಳದಿಂದ ಒಂದು ಚೀಟಿ ತೆಗೆದು ಓದಿದಳು: "ಹೆಡ್ಡಿನ ನಂಬರನ್ನ ಕಂಪ್ಯೂಟರಿಗೆ ಕೊಡೋದು ಮರೀಬೇಡ. ನೀನು ಮರೀತೀಯ."

ಮರೆತಿದ್ದ. ಯಾವ ಹೆಡ್ಡಿಗೆ ಎಷ್ಟು ಕರೆಂಟ್ ಬೇಕೆಂದು ಮೆಷಿನ್ನಿಗೆ ತಿಳಿಸುವ ನಂಬರ್ ಅದು. ಸತ್ತ ಹೆಡ್ಡಿನದೇ ಉಳಿದುಬಿಟ್ಟಿತ್ತು. ಅಣ್ಣ ಚೀಟಿಯಲ್ಲಿ ದುಂಡಗೆ ಬರೆದಿದ್ದ ನಂಬರನ್ನು ಒತ್ತಿ ಮತ್ತೆ ಪರೀಕ್ಷೆ ಮಾಡಿದ. ಮೆಟ್ಟಿಲಿನ ಹಾಗೆ ಇಳಿಯುವ ಸಣ್ಣ ಸಣ್ಣ ಗೆರೆಗಳು, ಎಲ್ಲವೂ ಅಚ್ಚುಕಟ್ಟು. ಬ್ಯಾನರನ್ನು ಮೊದಲಿನಿಂದ ಓಡಲು ಬಿಟ್ಟು, ಭೂತಗನ್ನಡಿ ಹಿಡಿದು ಪರೀಕ್ಷೆಯ ತುಂಡಿನ ಮೇಲೆ ಬಗ್ಗಿದ.

"ಇನ್ನೇನು ಹುಡುಕ್ತಿದೀರಿ?"

"ಒಂದಾದ್ರೂ ಗೆರೆ ತಪ್ಪಿರಬೇಕಿತ್ತು."

"ಅಯ್ಯೋ, ಯಾಕೆ?"

ಅವನು ಭೂತಗನ್ನಡಿಯನ್ನು ಮುಂದಿನ ಸಾಲಿಗೆ ಸರಿಸಿದ. ಎಲ್ಲ ಸರಿಯಾಗಿದ್ದರೆ ಅಣ್ಣನಿಗೆ ಏನಂತ ಫೋನ್ ಮಾಡುವುದು? ನಾನೇ ದಡ್ಡ ಅನ್ನಲು ನಾಲಿಗೆ ಹೊರಳದು. ಎರಡು ವರ್ಷ ಅಣ್ಣನ ದನಿ ಕೇಳದೆ ಅವನಿಗೆ ಸಾಕುಸಾಕಾಗಿತ್ತು.

ಹೆಂಡತಿ ಊಟದ ಡಬ್ಬಿ ತೊಳೆಯಲು ಒಳಗೆ ಹೋದದ್ದೇ ತಡ, ಮೇಜಿನ ಖಾನೆಯಿಂದ ವೈಟ್ನರ್ ತೆಗೆದು ನಡುವಿನ ಒಂದು ಗೆರೆಯ ಮೇಲೆ ಸವರಿದ. ಊದಿ ಒಣಗಿಸಿದ. ಆಮೇಲೆ ಫೋನ್ ಎತ್ತಿದ.

"ಒಂದು ಗೆರೆ ಬರ್ತಿಲ್ಲ," ಅಂದ. ಹಲೋ ಅನ್ನುವುದೂ ಮರೆತುಹೋಗಿತ್ತು.

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದಾಯಿತು. "ಏನೂ ಮುಟ್ಟಬೇಡ. ಬಂದೆ."

ಹತ್ತು ನಿಮಿಷದಲ್ಲಿ ಅಣ್ಣ ಬಂದ, ಶರ್ಟಿನ ಗುಂಡಿಗಳನ್ನು ಅದಲುಬದಲು ಹಾಕಿಕೊಂಡು. ಮೆಷಿನ್ನಿನಿಂದ ಅಚ್ಚ ನೀಲಿ ನೀರು ಅಡಿಗಟ್ಟಲೆ ಇಳಿಯುತ್ತಿದ್ದದ್ದು ಅವನಿಗೆ ಕಾಣದೆ ಏನಿರಲಿಲ್ಲ. ಆದರೂ ಪರೀಕ್ಷೆಯ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಉಗುರಿನಿಂದ ಮೆಲ್ಲಗೆ ಕೆರೆದ. ಬಿಳಿ ಪುಡಿ ಉದುರಿ ನೀಲಿ ಗೆರೆ ಇಣುಕಿತು. ತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣ ಆ ತುಂಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಕುರ್ಚಿ ಎಳೆದು ಕೂತ.

"ಟೀ ಹೇಳು," ಅಂದ. "ಇದು ಒಂದು ದಿನಕ್ಕೆ ಸರಿಹೋಗೋದಲ್ಲ. ದಿನಾ ಬಂದು ನೋಡ್ಬೇಕಾಗತ್ತೆ."