ಎರಡನೇ ಕುರ್ಚಿ

“ಜೊತೆಗೆ ಯಾರು ಬಂದಿದ್ದಾರಮ್ಮ?” ರಿಪೋರ್ಟಿನಿಂದ ತಲೆ ಎತ್ತದೆ ಡಾಕ್ಟರಮ್ಮ ಕೇಳಿದಾಗ ಬಟ್ಟೆ ಹೊಲಿಯುವವಳು ಕೈಚೀಲವನ್ನು ಅವುಚಿ ಹಿಡಿದಳು.

ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತು ಅವಳು ಗಮನಿಸಿದ್ದು ಇದೊಂದನ್ನೇ. ಒಬ್ಬರೇ ಒಳಗೆ ಹೋದವರು ಮಾತ್ರೆ ಚೀಟಿ ಹಿಡಿದು ನೆಟ್ಟಗೆ ಮನೆಗೆ ಹೋಗುತ್ತಿದ್ದರು. ಜೊತೆಯವರನ್ನೂ ಒಳಗೆ ಕರೆಸಿಕೊಂಡರೆ ಮಾತ್ರ ಇಬ್ಬರೂ ಗೋಡೆ ಹಿಡಿದುಕೊಂಡು ಹೊರಬರುತ್ತಿದ್ದರು. “ಕರೆದ್ರೂ ನಾನು ಒಳಗೆ ಬರಲ್ಲ ನೋಡು,” ಎಂದು ಗಂಡ ಅವಳನ್ನು ನಗಿಸಲು ನೋಡಿದ್ದ. ಇಬ್ಬರಿಗೂ ನಗು ಬಂದಿರಲಿಲ್ಲ.

“ಯಾರೂ ಬಂದಿಲ್ಲ ಮೇಡಂ, ಒಬ್ಬಳೇ ಬಂದೆ.” ಬಾಗಿಲಾಚೆ ಗಂಡ ಕೆಮ್ಮಿದ. ಆ ಕೆಮ್ಮು ಯಾರದೋ ಎಂಬಂತೆ ಅವಳು ಪಕ್ಕದ ಖಾಲಿ ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟಳು. ಕೂರಲು ಜಾಗವೇ ಇಲ್ಲದಿದ್ದರೆ ಯಾರನ್ನು ತಾನೇ ಕರೆಸುತ್ತಾರೆ? “ಮಾತ್ರೆ ಬರೆದುಕೊಡಿ ಸಾಕು. ಇವತ್ತು ಎರಡು ರವಿಕೆ ಕೊಡೋದಿದೆ.”

ಡಾಕ್ಟರಮ್ಮ ಪೆನ್ನು ಮುಟ್ಟಲಿಲ್ಲ. ಎದ್ದು ಮೇಜು ಬಳಸಿ ಈಚೆಗೆ ಬಂದರು. ಕೈಚೀಲವನ್ನು ಮೆಲ್ಲಗೆ ಎತ್ತಿ ಅವಳ ಮಡಿಲಿಗಿಟ್ಟು, ಆ ಕುರ್ಚಿಯಲ್ಲಿ ತಾವೇ ಕೂತರು.