ಕ್ಯೂ ಇಲ್ಲದ ಟೀ

ಗುಂಡಿ ಒತ್ತಿದ್ದೇ ತಡ, ಹೊಸ ಮಷಿನ್ ಅವಳ ಲೋಟ ತುಂಬಿಸಿತು. ಕಾಯುವ ಮಾತೇ ಇಲ್ಲ. ಅರ್ಥಶಾಸ್ತ್ರದ ಪದವಿಯ ನಡುವೆ ಒಂದು ವರ್ಷ ಕೆಲಸ ಕಲಿಯಲು ಈ ಕಂಪನಿಗೆ ಬಂದಿದ್ದ ಅವಳೇ, ಕೆಳಗಿನ ಟೀ ಕೌಂಟರಿನ ಕ್ಯೂನಲ್ಲಿ ಎಲ್ಲರ ಹೊತ್ತು ಹಾಳಾಗುತ್ತಿದೆ ಎಂದು ವರದಿ ಕೊಟ್ಟಿದ್ದಳು. ಮ್ಯಾನೇಜರ್ ಭೇಷ್ ಎಂದು ಮಹಡಿಗೊಂದು ಮಷಿನ್ ಹಾಕಿಸಿ, ಕೌಂಟರ್ ಮುಚ್ಚಿಸಿದ್ದರು.

ಈಗ ಕೈಯಲ್ಲಿದ್ದ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಯಾರನ್ನು ಕೇಳುವುದು? ಇಷ್ಟು ದಿನ ಏನೇ ತೊಡಕಿದ್ದರೂ ಕ್ಯೂನಲ್ಲಿ ಹಿಂದೆಯೋ ಮುಂದೆಯೋ ನಿಂತಿರುತ್ತಿದ್ದ ಗೋದಾಮಿನ ಅಕ್ಕ ಬಿಡಿಸಿ ಹೇಳುತ್ತಿದ್ದಳು.

ಲೋಟ ಹಿಡಿದೇ ಕೆಳಗಿಳಿದಳು. ಮುಚ್ಚಿದ ಕೌಂಟರಿನ ಎದುರು ಮ್ಯಾನೇಜರ್ ಒಬ್ಬರೇ, ತುಂಬಿದ ಲೋಟ ಹಿಡಿದು ನಿಂತಿದ್ದರು.

"ಗೋದಾಮಿನವ್ರನ್ನ ಏನೋ ಕೇಳ್ಬೇಕಿತ್ತು," ಎಂದರು, ಅವಳ ಮುಖ ನೋಡದೆ. "ಬಾಮ್ಮ, ನನ್ ಹಿಂದೆ ನಿಂತ್ಕೋ."