ಕೊಟ್ಟ ಮಾತು

ಮಗಳ ಬಾಡಿಗೆ ಮನೆಗೆ ಜಾಮೀನು ನಿಂತಿದ್ದ ಈರಪ್ಪನ ಮಾತು, ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಾಗಲೇ ನಿಂತುಹೋಯಿತು. ಮರುದಿನ ಅವನ ಹೆಂಡತಿ ನೀಲವ್ವ ಧಾರವಾಡದ ಜಾಮೀನು ಕಚೇರಿಗೆ ಬಂದಳು.

“ನಮ್ಮ ಹುಡುಗಿ ತನ್ನ ಪಾಲಿನ ಬಾಡಿಗಿ ಕೊಟ್ಟಾಳಲ್ರಿ.”

“ಆಕಿ ಕೂಡ ಮನ್ಯಾಗಿದ್ದ ಹುಡುಗಿ ತನ್ನ ಪಾಲು ಕೊಡಲಾರದ ಓಡಿಹೋಗ್ಯಾಳ. ಮನಿ ಒಂದ, ಜಾಮೀನೂ ಒಂದ,” ಎಂದ ಗುಮಾಸ್ತ. “ನಿಮ್ಮ ಯಜಮಾನ್ರು ಮಾತು ಕೊಟ್ಟಿದ್ರು, ನಾವು ತಗೊಂಡ್ವಿ.”

“ಯಾರೋ ಓಡಿಹೋದ್ರ ನನ್ನ ಗಂಡ ಮೂಕ ಆಗಬೇಕೇನು? ಕಂಡಕ್ಟರ್ ಕೆಲಸ ಹೆಂಗ ಮಾಡಬೇಕು?”

“ಬದಲಿಗೆ ನಿಮ್ಮ ಮಾತು ಕೊಡ್ರಿ. ಅವರದು ಈಗ ಬಿಡ್ತೀವಿ. ಸಂಜೀಕ ಕಚೇರಿ ಮುಚ್ಚಿದ ಮ್ಯಾಲೆ ನಿಮ್ಮದು ನಿಲ್ತದ.”

ನೀಲವ್ವ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು.

“ಸಂಜೀ ತನಕ ಮಾತು ನಂದ ಅಲ್ಲ? ಕೇಳು, ಬಾಡ್ಯಾ,” ಎಂದು ಬೈಯಲು ಶುರುಮಾಡಿದಳು.